ಸೀಟಿ ಬಾರದ ಕುಕ್ಕರ್: ಡೊಂಬಿವಲಿಯ ಒಂದು ಯುಗಾದಿ ಬೆಳಿಗ್ಗೆ

2024ರ ಏಪ್ರಿಲ್ 9, ಯುಗಾದಿ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕಟ್ಟಡದ ಮೂರನೆಯ ಮಹಡಿಯ ಮನೆಯೊಂದರಲ್ಲಿ ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಸುಮಾರಿಗೆ ಪ್ರೆಶರ್ ಕುಕ್ಕರಿನ ಮುಚ್ಚಳ ಹಾರಿತು. ಹೂರಣಕ್ಕೆಂದು ಬೇಯಲು ಇಟ್ಟಿದ್ದ ಕಡಲೆಬೇಳೆ ಮನೆಯ ಸೊಸೆಯ ಮೈಮೇಲೆ ಬಿತ್ತು. ಆಕೆಗೆ ಮೂವತ್ತೆರಡು ವರ್ಷ. ಗದಗದ ಕಡೆಯ ಕುಟುಂಬ. ಮನೆಯಲ್ಲಿ ಅತ್ತೆ, ಗಂಡ, ಐದು ವರ್ಷದ ಮಗ. ನಾನು ಕೆಳಗಿನ ಮಹಡಿಯವಳು. ಮೂವತ್ತೊಂದು ವರ್ಷ ಮುಂಬಯಿಯ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿದಿದ್ದೇನೆ, ಅದರಲ್ಲಿ ಹನ್ನೊಂದು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ. ಅತ್ತೆ ಸೊಸೆ ಇಬ್ಬರೂ "ಬರೆಯಿರಿ ಸಿಸ್ಟರ್, ಹೆಸರು ಮಾತ್ರ ಬೇಡ" ಎಂದರು. ಅವರ ಒಪ್ಪಿಗೆಯಿಂದಲೇ ಇದನ್ನು ದಾಖಲಿಸುತ್ತಿದ್ದೇನೆ.

ಕುಕ್ಕರಿಗೆ ಏನಾಯಿತು ಎನ್ನುವುದರಷ್ಟೇ, ಮುಚ್ಚಳ ಹಾರಿದ ಮೇಲೆ ಮನೆಯವರು ಏನು ಮಾಡಿದರು ಎನ್ನುವುದೂ ಈ ಪ್ರಕರಣದಲ್ಲಿ ಮುಖ್ಯ. ನಾನು ಹೋಗುವ ಮೊದಲೇ ಆರು ನಿಮಿಷ ಕಳೆದಿತ್ತು. ಆ ಆರು ನಿಮಿಷದ ಲೆಕ್ಕ ಮುಂದೆ ಬರುತ್ತದೆ.

ಒಲೆಯ ಮೇಲೆ ನಡೆದದ್ದು

ಮಧ್ಯಾಹ್ನದ ಊಟಕ್ಕೆ ಠಾಣೆಯಿಂದಲೂ ಮುಲುಂಡಿನಿಂದಲೂ ನೆಂಟರು ಬರುವವರಿದ್ದರು, ಒಟ್ಟು ಹದಿನಾಲ್ಕು ಎಲೆ. ವಾಡಿಕೆಯಂತೆ ಅರ್ಧ ಕಿಲೋ ಬೇಳೆ ಬೇಯುವ ಐದು ಲೀಟರಿನ ಕುಕ್ಕರಿಗೆ ಅಂದು ಒಂದು ಕಿಲೋ ಬಿತ್ತು. ಹೋಳಿಗೆ ಮಾಡುವ ಮನೆಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಬೇಳೆ ಬೆಂದರಷ್ಟೇ ಸಾಲದು, ಬಸಿದ ಕಟ್ಟಿನಿಂದ ಸಾರೂ ಆಗಬೇಕು. ಹಾಗಾಗಿ ನೀರು ಧಾರಾಳವಾಗಿ ಮೂರು ಲೀಟರ್. ಬೇಳೆ ನೀರು ಸೇರಿ ನಾಲ್ಕು ಲೀಟರಿನ ಹತ್ತಿರ ಬಂತು. ಬೇಳೆ, ಕಾಳುಗಳಂತೆ ನೊರೆ ಉಕ್ಕುವ ಪದಾರ್ಥವಾದರೆ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ಐದು ಲೀಟರಿಗೆ ಎರಡೂವರೆಯೇ ಮಿತಿ. ಬೇಳೆ ಬೆಂದಂತೆ ಉಬ್ಬುತ್ತದೆ, ಅದರ ಪಿಷ್ಟ ನೊರೆಯಾಗಿ ಏರುತ್ತದೆ, ನೊರೆಯೊಂದಿಗೆ ಅಳಿದುಳಿದ ಸಿಪ್ಪೆ ಮೇಲೆ ಬಂದು ವೇಯ್ಟ್ ಕೂರುವ ಕೊಳವೆಯ ಬಾಯಿಗೆ ಅಂಟುತ್ತದೆ. ಆ ಕೊಳವೆಯ ತೂತು ಬಹಳ ಕಿರಿದು. ಅದನ್ನು ಮುಚ್ಚಲು ಒಂದೆರಡು ಸಿಪ್ಪೆ ಸಾಕು.

ಇಪ್ಪತ್ತು ನಿಮಿಷವಾದರೂ ಸೀಟಿ ಬರಲಿಲ್ಲ. ಮುಚ್ಚಳದ ಅಂಚಿನಿಂದ ಮಾತ್ರ ಹಬೆ ಸುಂಯ್ ಎಂದು ಹೊರಡುತ್ತಿತ್ತು. ಗ್ಯಾಸ್ಕೆಟ್ ಹಳೆಯದು, ಹಬೆ ಸೋರಿ ಹೋಗುತ್ತಿದೆ, ಅದಕ್ಕೇ ಸೀಟಿ ಬರುತ್ತಿಲ್ಲ ಎಂದು ಸೊಸೆ ತಿಳಿದಳು. ತಿಳಿದದ್ದು ಅರ್ಧ ನಿಜ, ಗ್ಯಾಸ್ಕೆಟ್ ನಿಜಕ್ಕೂ ಒಣಗಿ ಬಿರುಕು ಬಿಟ್ಟಿತ್ತು. ಗ್ಯಾಸ್ ಆರಿಸಿ ಎರಡು ಮೂರು ನಿಮಿಷ ಬಿಟ್ಟು, ಸೌಟಿನ ತುದಿಯಿಂದ ವೇಯ್ಟನ್ನು ಮೆಲ್ಲಗೆ ಎತ್ತಿ ನೋಡಿದಳು. ಏನೂ ಬರಲಿಲ್ಲ, ಒಂದು ಎಳೆ ಹಬೆಯೂ ಇಲ್ಲ.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ವೇಯ್ಟ್ ಎತ್ತಿದಾಗ ಹಬೆ ಬಾರದಿದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು. ಒಳಗೆ ಒತ್ತಡವಿಲ್ಲ, ಅಥವಾ ದಾರಿ ಕಟ್ಟಿದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸೊಸೆ ಮೊದಲನೆಯದನ್ನು ನಂಬಿದಳು. ಅವಳಿಗೆ ಹಾಗೆ ಹೇಳಿಕೊಟ್ಟವರು ನಾವೇ. "ವೇಯ್ಟ್ ಎತ್ತಿ ನೋಡು, ಹಬೆ ಹೋಗಿದ್ದರೆ ತೆಗೆ" ಎಂಬ ಮಾತು ಪ್ರತಿ ಅಡುಗೆಮನೆಯಲ್ಲೂ ಇದೆ. ನನ್ನ ತಾಯಿ ನನಗೆ ಹೇಳಿದ್ದೂ ಅದನ್ನೇ.

ಮುಚ್ಚಳ ತಿರುಗಲಿಲ್ಲ. ಮುಚ್ಚಳ ತಿರುಗದೆ ಬಿಗಿದಿದ್ದರೆ ಅದೇ ಒಂದು ಎಚ್ಚರಿಕೆ: ಒಳಗಿನ ಒತ್ತಡ ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಅಷ್ಟರಲ್ಲಿ ಅತ್ತೆ ಹಾಲ್‌ನಿಂದ "ಬೇಳೆ ಆಯಿತೇ? ಇನ್ನು ರುಬ್ಬುವುದು ಯಾವಾಗ, ಲಟ್ಟಿಸುವುದು ಯಾವಾಗ?" ಎಂದರು. ಸೊಸೆ ಲಟ್ಟಣಿಗೆಯಿಂದ ಹಿಡಿಕೆಗೆ ಒಂದು ಏಟು ಕೊಟ್ಟಳು.

ಆ ಏಟು ಬಿಡಿಸಿದ ಬಲ ಎಷ್ಟಿರಬಹುದು? ಕುಕ್ಕರ್ ಸರಿಯಾಗಿ ಕುದಿಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಹೆಚ್ಚು. ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಮುಚ್ಚಳದ ಮೇಲೆ ಅದು ಮುನ್ನೂರು ಕಿಲೋ ಭಾರಕ್ಕೆ ಸಮ. ಆ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಗಳಿಗೆಯಲ್ಲೇ ಆ ಹೆಚ್ಚುವರಿ ಬಿಸಿ ಒಂದಷ್ಟು ನೀರನ್ನು ಒಮ್ಮೆಲೇ ಆವಿಯಾಗಿಸುತ್ತದೆ. ಮೂರು ಲೀಟರಿನಲ್ಲಿ ನೂರು ಗ್ರಾಂ ಆವಿಯಾದರೂ ಅದಕ್ಕೆ ನೂರೈವತ್ತು ಲೀಟರಿಗೂ ಹೆಚ್ಚಿನ ಜಾಗ ಬೇಕು. ಮುಚ್ಚಳದ ಹಿಂದೆಯೇ ಬೇಳೆ ಎದ್ದದ್ದು ಅದರಿಂದ. ಅಂದು ಗ್ಯಾಸ್ ಆರಿ ಎರಡು ಮೂರು ನಿಮಿಷವಾಗಿತ್ತು, ಒತ್ತಡ ಸ್ವಲ್ಪ ಇಳಿದಿರಲೇಬೇಕು. ಇಳಿದ ಒತ್ತಡವೇ ಮುಚ್ಚಳವನ್ನು ಮಾಳಿಗೆಗೆ ಬಡಿಯಿತು. ಸುಣ್ಣದ ಮೇಲೆ ಅರ್ಧಚಂದ್ರದ ಗುರುತು ಇಂದಿಗೂ ಇದೆ.

ಕಟ್ಟಡದ ಹಲವರು "ಸೇಫ್ಟಿ ವಾಲ್ವ್ ಕೆಟ್ಟಿತ್ತು" ಎಂದು ತೀರ್ಮಾನಿಸಿದರು. ಮಾರನೆಯ ದಿನ ಮುಚ್ಚಳವನ್ನು ನಾನು ನೋಡಿದೆ. ವಾಲ್ವ್ ಸರಿಯಾಗಿಯೇ ಇತ್ತು. ಒತ್ತಡ ಮಿತಿ ಮೀರಿ ಏರಿದಾಗ ಬಿಟ್ಟುಕೊಡುವುದಷ್ಟೇ ಅದರ ಕೆಲಸ. ಅಂದು ಮಿತಿ ಮೀರಿರಲಿಲ್ಲ, ಗ್ಯಾಸ್ಕೆಟ್ ಸೋರಿಕೆ ಒತ್ತಡವನ್ನು ಒಂದು ಹದದಲ್ಲಿ ಹಿಡಿದಿತ್ತು. ಕುಕ್ಕರಿನ ಮಾಮೂಲಿ ಒತ್ತಡವೇ ಒಬ್ಬರನ್ನು ಆಸ್ಪತ್ರೆಗೆ ಕಳುಹಿಸಬಲ್ಲದು. ವಾಲ್ವ್ ಇದೆ ಎಂಬ ಧೈರ್ಯದಿಂದ ಮುಚ್ಚಳಕ್ಕೆ ಕೈ ಹಾಕುವವರು ಇದನ್ನು ನೆನಪಿಡಬೇಕು. ಆಮೇಲೆ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಳವೆಯಲ್ಲಿ ಕಣ್ಣಿಟ್ಟೆ. ಕತ್ತಲೆ. ಸೂಜಿ ಹಾಕಿ ಕೆದಕಿದಾಗ ಅನ್ನದ ಅಗುಳಿನ ಉದ್ದದ ಹಳದಿ ಬಿರಡೆಯೊಂದು ಹೊರಬಂತು, ಗಟ್ಟಿಯಾದ ಪಿಷ್ಟ ಮತ್ತು ಒಂದೆರಡು ಸಿಪ್ಪೆ. ಅದನ್ನು ಅಂಗೈಯಲ್ಲಿಟ್ಟು ಅತ್ತೆಗೆ ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಮೊದಲ ಆರು ನಿಮಿಷ

ಸದ್ದು ಕೇಳಿ ಎದುರು ಮನೆಯ ಮರಾಠಿ ಹೆಂಗಸು ಓಡಿ ಬಂದರು. ಅತ್ತೆ ಡಬ್ಬಿಯಿಂದ ಅರಿಶಿನ ತೆಗೆದು ಸೊಸೆಯ ಮುಂಗೈಗೆ ಹಚ್ಚಿದರು. ಎದುರು ಮನೆಯವರು ಟೂತ್‌ಪೇಸ್ಟ್ ತಂದು ಕುತ್ತಿಗೆಗೆ ಬಳಿದರು, ಫ್ರಿಜ್ಜಿನಿಂದ ಐಸ್ ತಟ್ಟೆ ತೆಗೆದರು. ಮಗು ಅಳುತ್ತಾ ಬೇಳೆ ಚೆಲ್ಲಿದ ನೆಲದತ್ತ ಓಡಿತು. ಪುಣ್ಯಕ್ಕೆ ಯಾರೋ ಎತ್ತಿಕೊಂಡರು. ಗಂಡ ಮಾವಿನ ಎಲೆ, ಹೂವು ತರಲು ಫಡ್ಕೆ ರಸ್ತೆಗೆ ಹೋಗಿದ್ದವರು ಹೊಸ ವರ್ಷದ ಶೋಭಾಯಾತ್ರೆಯ ಜನಜಂಗುಳಿಯಲ್ಲಿ ಸಿಕ್ಕಿಬಿದ್ದಿದ್ದರು. 1999ರಲ್ಲಿ ಡೊಂಬಿವಲಿಯ ಗಣೇಶ ಮಂದಿರದವರು ಆರಂಭಿಸಿದ ಈ ಯಾತ್ರೆಯ ದಿನ ಆ ಭಾಗದಲ್ಲಿ ರಿಕ್ಷಾ ಓಡುವುದಿಲ್ಲ.

ಇಷ್ಟು ಮಂದಿ ಇಷ್ಟು ಪ್ರೀತಿಯಿಂದ ಇಷ್ಟೆಲ್ಲ ಮಾಡಿದರೂ ಬೇಕಾದ ಒಂದು ಕೆಲಸ ಆಗಲಿಲ್ಲ. ಯಾರೂ ನೀರು ಹಾಕಲಿಲ್ಲ.

ಅರಿಶಿನದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಚರ್ಮದ ಒಳಪದರಗಳಿಗೆ ಬಿಸಿ ಇನ್ನೂ ಇಳಿಯುತ್ತಿರುವಾಗ ಮೇಲೆ ಏನನ್ನು ಬಳಿದರೂ ಬಿಸಿ ಒಳಗೇ ಉಳಿಯುತ್ತದೆ. ಎರಡನೆಯ ತೊಂದರೆ ಆಸ್ಪತ್ರೆಯಲ್ಲಿ ಎದುರಾಗುತ್ತದೆ. ಗಾಯ ಗುಲಾಬಿ ಬಣ್ಣದ್ದೋ ಬಿಳಿಚಿದ್ದೋ ಎಂಬುದರಿಂದ ವೈದ್ಯರು ಅದರ ಆಳವನ್ನು ಅಂದಾಜು ಮಾಡುತ್ತಾರೆ. ಅರಿಶಿನ, ಪೇಸ್ಟ್, ಶಾಯಿ ಬಳಿದಿದ್ದರೆ ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಹನ್ನೊಂದು ವರ್ಷ ಆ ಉಜ್ಜುವ ಕೆಲಸ ಮಾಡಿದವಳು ನಾನು. ಎರಡನೆಯ ಬಾರಿ ಸುಟ್ಟಂತೆ ಕಿರುಚುವ ಮಕ್ಕಳ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಐಸ್ ಕೂಡ ಬೇಡ. ಅದು ರಕ್ತನಾಳಗಳನ್ನು ಕುಗ್ಗಿಸಿ, ಬದುಕಿ ಉಳಿಯಬಹುದಾದ ಚರ್ಮವನ್ನೂ ಹಾಳುಮಾಡುತ್ತದೆ.

ನಾನು ಬಾಗಿಲಲ್ಲಿ ಕಾಲಿಟ್ಟಾಗ ಮೊದಲು ತಟ್ಟಿದ್ದು ವಾಸನೆ. ಗ್ಯಾಸ್! ಪಕ್ಕದ ಒಲೆಯಲ್ಲಿ ಶಾವಿಗೆ ಪಾಯಸಕ್ಕಿಟ್ಟ ಹಾಲು ಗದ್ದಲದಲ್ಲಿ ಉಕ್ಕಿ ಬೆಂಕಿಯನ್ನು ನಂದಿಸಿತ್ತು, ಗುಬುಟು ಮಾತ್ರ ತೆರೆದೇ ಇತ್ತು. ಆ ಹೊಗೆಯಂಥ ಘಾಟಿಗೆ ಎದುರು ಮನೆಯವರ ಕೈ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿನ ಹತ್ತಿರ ಹೋಗಿತ್ತು. ನಾನು ಕೂಗಿದ ರೀತಿಗೆ ಅವರು ಬೆಚ್ಚಿ ಕೈ ಹಿಂದೆಗೆದುಕೊಂಡರು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ನೆಲಕ್ಕೆ ಇಳಿದು ಕೋಣೆಯ ಕೆಳಭಾಗದಲ್ಲಿ ಹರಡುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಕೊಳವೆಯಲ್ಲಿ ಬರುವ ಅನಿಲವಾದರೆ ಹಗುರ, ಮೇಲಕ್ಕೆ ಏರುತ್ತದೆ. ಎರಡಕ್ಕೂ ಸ್ವಿಚ್ಚಿನ ನಿಯಮ ಒಂದೇ: ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. ಒಲೆಯ ಗುಬುಟು ತಿರುಗಿಸಿದೆ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆ, ಕಿಟಕಿಯ ಜೊತೆ ಬಾಗಿಲನ್ನೂ ಬಾಲ್ಕನಿಯನ್ನೂ ತೆರೆಸಿದೆ. ರೆಗ್ಯುಲೇಟರ್ ಮುಚ್ಚಿದ ಮೇಲೂ ವಾಸನೆ ಹೋಗದಿದ್ದರೆ ಎಲ್ಲರೂ ಹೊರಬಂದು, ಹೊರಗಿನಿಂದಲೇ 1906ಕ್ಕೆ ಕರೆ ಮಾಡಬೇಕು. ಅಡುಗೆ ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ ಅದು. ಅಂದು ಅದರ ಅಗತ್ಯ ಬೀಳಲಿಲ್ಲ. ಗಾಯಾಳುವನ್ನು ಮುಟ್ಟುವ ಮೊದಲು ಒಲೆ ನೋಡಬೇಕು ಎನ್ನುವುದು ವಾರ್ಡಿನಲ್ಲಿ ಕಲಿತ ಪಾಠವಲ್ಲ, ವಾರ್ಡಿಗೆ ಬಂದವರ ಕಥೆಗಳಿಂದ ಕಲಿತದ್ದು.

ನಲ್ಲಿಯಲ್ಲಿ ನೀರಿಲ್ಲ

ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಇದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ಇಲ್ಲ. ಹೇಳುವುದು ಸುಲಭ. ನಮ್ಮ ಕಟ್ಟಡಕ್ಕೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ ನೀರು ಬಿಡುತ್ತಾರೆ. ಹತ್ತು ಗಂಟೆಗೆ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಗಾಳಿಯಷ್ಟೇ ಬರುತ್ತದೆ. ಡೊಂಬಿವಲಿ, ಕಲ್ಯಾಣದ ಕಡೆ ಇದು ಎಷ್ಟು ಮನೆಗಳ ಪಾಡು ಎಂದು ಇಲ್ಲಿರುವವರಿಗೆ ಗೊತ್ತು.

ಮರಾಠಿಯವರು ಪಿಂಪ ಎನ್ನುವ ಇನ್ನೂರು ಲೀಟರಿನ ನೀಲಿ ಡ್ರಮ್ಮು ಸ್ನಾನದ ಮನೆಯಲ್ಲಿತ್ತು, ತುಂಬಿತ್ತು. ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಟ್ಟೆ ಒಗೆಯುವ ಟಬ್ಬನ್ನು ಚೆನ್ನಾಗಿ ತೊಳೆದು ಕೈಯ ಕೆಳಗಿಟ್ಟೆವು. ತಂಬಿಗೆಯಿಂದ ಮೊಣಕೈಯ ಮೇಲಿನಿಂದ ಸಣ್ಣ ಧಾರೆ. ಹತ್ತು ಸೆಕೆಂಡಿಗೆ ಒಂದು ಲೀಟರಿನಂತೆ ಸುರಿದರೂ ಇಪ್ಪತ್ತು ನಿಮಿಷಕ್ಕೆ ನೂರಿಪ್ಪತ್ತು ಲೀಟರ್ ಬೇಕು. ಡ್ರಮ್ಮಿನಲ್ಲಿ ಅಷ್ಟಿತ್ತು. ಇಲ್ಲದಿದ್ದರೆ ಟಬ್ಬಿನಲ್ಲಿ ಬಿದ್ದ ನೀರನ್ನೇ, ಅದು ಬೆಚ್ಚಗಾಗದಿರುವವರೆಗೆ, ಮತ್ತೆ ಮತ್ತೆ ಸುರಿಯುತ್ತಿದ್ದೆ. ಕುತ್ತಿಗೆ ಮತ್ತು ಎದೆಯ ಮೇಲ್ಭಾಗಕ್ಕೆ ಧಾರೆ ಹಿಡಿಯುವುದು ಕಷ್ಟ; ಅಲ್ಲಿಗೆ ಒಗೆದ ತೆಳು ಪಂಚೆಯ ತುಂಡುಗಳನ್ನು ಅದ್ದಿ, ನಿಮಿಷಕ್ಕೊಮ್ಮೆ ಬದಲಾಯಿಸುತ್ತಾ ಇದ್ದೆವು. ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಟಾಕಿಯಿಂದ ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಆಗ ನಲ್ಲಿಯಲ್ಲಿ ನೀರಿದ್ದರೂ ಡ್ರಮ್ಮಿನ ನೀರೇ ಮೇಲು.

ಪಾಲಿಯೆಸ್ಟರ್ ನೈಟಿಯ ಕಾಲರಿನ ಲೇಸಿಗೆ ಬೇಳೆಯ ಗಸಿ ಅಂಟಿತ್ತು. ನೀರಾದರೆ ಬಿದ್ದು ಹರಿದುಹೋಗುತ್ತದೆ, ಗಸಿ ಹಾಗಲ್ಲ. ಬಿದ್ದಲ್ಲೇ ಕೂತು ಬಿಸಿಯನ್ನು ಚರ್ಮಕ್ಕೆ ಇಳಿಸುತ್ತಲೇ ಇರುತ್ತದೆ. ಬಿಡಿಯಾಗಿದ್ದ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದೆ. ಚರ್ಮಕ್ಕೆ ಹತ್ತಿಕೊಂಡಿದ್ದ ಎರಡು ಬೆರಳಿನಷ್ಟು ಲೇಸನ್ನು ಎಳೆಯದೆ ಹಾಗೆಯೇ ಬಿಟ್ಟೆ.

ಆಮೇಲೆ ಬಳೆ. ಹಬ್ಬಕ್ಕೆಂದು ಹಿಂದಿನ ದಿನ ತೊಟ್ಟಿದ್ದ ಹಸಿರು ಗಾಜಿನ ಬಳೆಗಳು. ಸುಟ್ಟ ಕೈ ಅರ್ಧ ಗಂಟೆಯಲ್ಲಿ ಊದಲು ಶುರುವಾಗುತ್ತದೆ; ಆಮೇಲೆ ಬಳೆ, ಉಂಗುರಗಳೇ ರಕ್ತ ಸಂಚಾರಕ್ಕೆ ಉರುಳಾಗುತ್ತವೆ. ಎಡಗೈಯವು ಜಾರಿ ಬಂದವು. ಬಲಗೈಯವು ಬೊಬ್ಬೆ ಎದ್ದ ಚರ್ಮದ ಮೇಲಿನಿಂದ ಜಾರಿಸುವಂತಿರಲಿಲ್ಲ, ಒಡೆಯಲೇಬೇಕಿತ್ತು. ಯುಗಾದಿಯ ದಿನ ಮುತ್ತೈದೆಯ ಕೈಯ ಬಳೆ! ಅತ್ತೆಯ ಮುಖ ನೋಡಿದೆ. ಎದುರು ಮನೆಯವರು ಮೆಲ್ಲಗೆ ಮರಾಠಿಯಲ್ಲಿ "ವಾಢವಾ" ಎಂದರು. ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವ ಮಾತು ಅವರದು. ಅತ್ತೆ ಕಣ್ಣೊರೆಸಿಕೊಂಡು, ತಾವೇ ಒದ್ದೆ ಬಟ್ಟೆಯನ್ನು ಬಳೆಗಳ ಕೆಳಗೆ ತೂರಿಸಿ ಹಿಡಿದರು. ನಾನು ಇಕ್ಕಳದಿಂದ ಒಂದೊಂದಾಗಿ ಚಟ್ ಎನಿಸಿದೆ. ಒಂಬತ್ತು ಬಳೆ. ಒಂದು ಚೂರೂ ಚರ್ಮಕ್ಕೆ ತಾಗಲಿಲ್ಲ.

ಹತ್ತೂ ಕಾಲಿಗೆ ನೀರು ನಿಲ್ಲಿಸಿದೆ. ಆಕೆ ನಡುಗಲು ಶುರುಮಾಡಿದ್ದಳು. ಸುಡದ ಭಾಗಕ್ಕೆ ಒಣ ಚಾದರ ಹೊದಿಸಿದೆವು. ಮಕ್ಕಳು ಮತ್ತು ವೃದ್ಧರ ಮೈ ಇನ್ನೂ ಬೇಗ ತಣ್ಣಗಾಗುತ್ತದೆ, ಅವರಲ್ಲಿ ಈ ನಡುಕವನ್ನು ಹೆಚ್ಚು ಗಮನಿಸಬೇಕು. ಬೊಬ್ಬೆಗಳನ್ನು ಮುಟ್ಟಲಿಲ್ಲ. ಗಾಯದ ಮೇಲೆ ಒಗೆದು ಇಸ್ತ್ರಿ ಮಾಡಿಟ್ಟಿದ್ದ ದಿಂಬಿನ ಹೊದಿಕೆಯನ್ನು ಸಡಿಲವಾಗಿ ಹಾಸಿದೆ, ಮುಲಾಮು ಹಚ್ಚಲಿಲ್ಲ. ನೋವಿಗೆ ಒಂದು ಪ್ಯಾರಾಸಿಟಮಾಲ್.

ಆರು ನಿಮಿಷ ತಡವಾಗಿ ಹಾಕಿದ ನೀರು ಉಪಯೋಗಕ್ಕೆ ಬಂತೇ ಎಂದು ಗಂಡ ಆಮೇಲೆ ಕೇಳಿದರು. ಬಂತು. ಮೂರು ಗಂಟೆಯೊಳಗೆ ಯಾವಾಗ ಹಾಕಿದರೂ ಫಲವಿದೆ. ಬೇಗ ಹಾಕಿದಷ್ಟೂ ಹೆಚ್ಚು ಚರ್ಮ ಉಳಿಯುತ್ತದೆ.

ಆಸ್ಪತ್ರೆಯ ನಿರ್ಧಾರ

ರೋಗಿಯ ಅಂಗೈ, ಬೆರಳುಗಳೂ ಸೇರಿ, ಅವರ ಮೈಚರ್ಮದ ಸುಮಾರು ಶೇಕಡಾ 1. ಆ ಅಳತೆಯಲ್ಲಿ ಈಕೆಯ ಗಾಯ ಐದಾರು ಅಂಗೈಯಷ್ಟಿತ್ತು: ಬಲಮುಂಗೈಯ ಹೊರಬದಿ, ಎಡಗೈಯ ಹಿಂಭಾಗ, ಕುತ್ತಿಗೆ, ಎದೆಯ ಮೇಲ್ಭಾಗ, ಗಲ್ಲದ ಒಂದು ಅಂಚು. ಗಾತ್ರ ದೊಡ್ಡದಲ್ಲ ಎಂದು ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಮುಖ, ಕುತ್ತಿಗೆ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾಯ ಎಷ್ಟೇ ಚಿಕ್ಕದಾಗಿದ್ದರೂ ಸುಟ್ಟಗಾಯ ಬಲ್ಲ ವೈದ್ಯರು ನೋಡಲೇಬೇಕು. ಮಗು, ವೃದ್ಧರು, ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ನಮ್ಮ ಕಡೆಯವರಿಗೆ ನವಿ ಮುಂಬಯಿಯ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್ ಇದೆ. ಮುಂಬಯಿಯಲ್ಲಿ ಚಿಂಚ್‌ಪೋಕಳಿಯ ಕಸ್ತೂರ್ಬಾ, ಭಾಯಖಳದ ಮಸೀನಾ ಆಸ್ಪತ್ರೆಗಳು ಈ ಚಿಕಿತ್ಸೆಗೆ ಹೆಸರಾದವು.

ಯಾತ್ರೆಯ ಗದ್ದಲವನ್ನು ಬಳಸಿ ಹಿಂದಿನ ಗಲ್ಲಿಯಿಂದ ರಿಕ್ಷಾದಲ್ಲಿ ಮೊದಲು ಹತ್ತಿರದ ನರ್ಸಿಂಗ್ ಹೋಮಿಗೆ, ಅಲ್ಲಿ ಧನುರ್ವಾಯು ಚುಚ್ಚುಮದ್ದು ಮತ್ತು ನೋವಿನ ಔಷಧಿ ಕೊಡಿಸಿ, ಅಲ್ಲಿಂದ ಸುಟ್ಟಗಾಯದ ಘಟಕವಿರುವ ಆಸ್ಪತ್ರೆಗೆ ಕರೆದೊಯ್ದೆವು. ಅರಿಶಿನ, ಪೇಸ್ಟು ತೊಳೆಯುವಾಗ ಆಕೆ ನನ್ನ ಕೈಯನ್ನು ಹಿಡಿದ ಬಿಗಿಗೆ ನನ್ನ ಉಂಗುರದ ಗುರುತು ಸಂಜೆಯವರೆಗೂ ಹೋಗಲಿಲ್ಲ.

ಮುಂಗೈಯ ಗಾಯ ಗುಲಾಬಿ ಬಣ್ಣದ, ಒದ್ದೆಯ, ಬಹಳ ನೋವಿನ ಗಾಯ. ನೋವಿದೆ ಎಂದರೆ ಅಲ್ಲಿ ನರಗಳು ಬದುಕಿವೆ. ಅದು ಹದಿನಾರು ದಿನಗಳಲ್ಲಿ ಮಾಯಿತು. ಲೇಸು ಅಂಟಿದ್ದ ಕುತ್ತಿಗೆಯ ಮಡಿಕೆಯ ಜಾಗ ಬಿಳಿಚಿತ್ತು, ಅಷ್ಟು ನೋಯುತ್ತಿರಲಿಲ್ಲ. ಅದು ಆಳದ ಗಾಯ, ಮಾಯಲು ಐದು ವಾರ ಹಿಡಿಯಿತು. ಚರ್ಮದ ಕಸಿ ಬೇಕಾಗಬಹುದೆಂದು ವೈದ್ಯರು ಮೊದಲು ಹೇಳಿದ್ದರು, ಬೇಕಾಗಲಿಲ್ಲ. ಕುತ್ತಿಗೆಯ ಚರ್ಮ ಎಳೆದುಕೊಂಡು ಗಟ್ಟಿಯಾಗದಂತೆ ದಿನಕ್ಕೆ ನಾಲ್ಕು ಬಾರಿ ತಲೆಯನ್ನು ಹಿಂದಕ್ಕೆ ಚಾಚುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಬೇಕಾಯಿತು. ಮಾಯುವಾಗಿನ ತುರಿಕೆ ನೋವಿಗಿಂತ ಹೆಚ್ಚು ಕಾಡಿತು ಎಂದು ಆಕೆ ಹೇಳುತ್ತಾಳೆ.

ಮನೆಯೊಳಗೆ ಬದಲಾದದ್ದು

ಈ ಅಪಘಾತ ಸೊಸೆಯ ಅಜಾಗರೂಕತೆಯಿಂದ ಆಯಿತು ಎಂದು ನೆಂಟರಲ್ಲಿ ಕೆಲವರು ಹೇಳಿದ್ದುಂಟು. ನಾನು ಒಪ್ಪುವುದಿಲ್ಲ. ಹದಿನಾಲ್ಕು ಜನರ ಬೇಳೆಯನ್ನು ನಾಲ್ಕು ಜನರ ಕುಕ್ಕರಿಗೆ ಹಾಕುವ ತೀರ್ಮಾನ ಇಡೀ ಮನೆಯದು. ಆ ಗ್ಯಾಸ್ಕೆಟನ್ನು ನಾಲ್ಕು ವರ್ಷದಿಂದ ಯಾರೂ ಬದಲಾಯಿಸಿರಲಿಲ್ಲ. ಬೆಳಿಗ್ಗೆ ಐದರಿಂದ ಒಬ್ಬಳೇ ನಿಂತು ಎರಡು ಒಲೆ ನೋಡುತ್ತಿದ್ದಳು. ಅತ್ತೆ ಈ ಮಾತನ್ನು ನನಗಿಂತ ಮೊದಲೇ ನೆಂಟರ ಮುಂದೆ ಆಡಿದರು. ಅದನ್ನು ನಾನು ಮರೆಯುವುದಿಲ್ಲ.

ಈಗ ಆ ಮನೆಯಲ್ಲಿ ಕುಕ್ಕರಿನ ಮುಚ್ಚಳ ಕಿಟಕಿಯ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಒಲೆಗೇರುವ ಮೊದಲು ಯಾರಾದರೂ ಒಬ್ಬರು ಅದನ್ನು ಬೆಳಕಿಗೆ ಹಿಡಿದು ಕೊಳವೆಯಲ್ಲಿ ನೋಡುತ್ತಾರೆ; ಮನೆಯ ಹುಡುಗನಿಗೆ ಆ ಕೆಲಸ ಬಲು ಇಷ್ಟ. ಗ್ಯಾಸ್ಕೆಟ್ ಹೊಸದು. ಹಬ್ಬದ ಬೇಳೆ ದೊಡ್ಡ ತಪ್ಪಲೆಯಲ್ಲಿ, ತೆರೆದೇ ಬೇಯುತ್ತದೆ. ಡ್ರಮ್ಮಿನ ತಳದ ಅರ್ಧದಷ್ಟು ನೀರನ್ನು ಯಾರೂ ಮುಟ್ಟುವಂತಿಲ್ಲ.

ಮರುವರ್ಷದ ದೀಪಾವಳಿಯ ಸಮಯ, ಒಂದು ಭಾನುವಾರ ಮಧ್ಯಾಹ್ನ ಸೊಸೆ ಫೋನ್ ಮಾಡಿದಳು. "ಆಂಟಿ, ಕಾಬೂಲಿ ಕಡಲೆ ಇಟ್ಟಿದ್ದೆ. ಹತ್ತು ನಿಮಿಷವಾಯಿತು, ಸೀಟಿ ಬರಲಿಲ್ಲ. ಗ್ಯಾಸ್ ಆರಿಸಿ ಅಡುಗೆಮನೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹಾಲ್‌ನಲ್ಲಿ ಕುಳಿತಿದ್ದೇವೆ." ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಒಂದು ಗಂಟೆಯಾದರೂ ಸರಿ ಎಂದೆ. "ಅತ್ತೆಯೂ ಅದನ್ನೇ ಹೇಳಿದರು. ಮಾವಿನ ಉಪ್ಪಿನಕಾಯಿ, ಮೊಸರನ್ನ ಬಡಿಸಿದ್ದಾರೆ. ನೀವೂ ಮೇಲೆ ಬನ್ನಿ" ಎಂದಳು.